ಎಡಗೈ ಪಾಕ

ಪಾತ್ರೆಯ ಮೂತಿಯಿಂದ ಇಳಿಯಬೇಕಾದ ಪಾಕ ಈ ಸಲವೂ ಪಾತ್ರೆಯ ಹೊಟ್ಟೆಯ ಮೇಲೆ ಜಾರಿ ಸ್ಟವ್ ತುಂಬ ಹರಿಯಿತು. ಟೈಲರಮ್ಮ ಗ್ಯಾಸ್ ಆರಿಸಿ, ಪಾತ್ರೆಯನ್ನು ಸಿಂಕಿಗೆ ಹಾಕಿ, ಸುಟ್ಟ ಹೆಬ್ಬೆರಳನ್ನು ನಲ್ಲಿಯ ಕೆಳಗೆ ಹಿಡಿದಳು. ಟ್ರೇಯಲ್ಲಿ ಬಿದ್ದಿದ್ದ ಒಂದಿಷ್ಟನ್ನು ಚಮಚದ ತುದಿಯಿಂದ ಕೆರೆದು ನಾಲಗೆಗೆ ಹಚ್ಚಿದರೆ ಬರೀ ಕಹಿ. ತಳ ಹತ್ತಿತ್ತು. ಕಲಕುವುದರಲ್ಲಿ ಅವಳೇನೂ ಸೋಮಾರಿತನ ಮಾಡಿರಲಿಲ್ಲ. ರಟ್ಟೆ ಸೇದುವಷ್ಟು ಹೊತ್ತು ಕಲಕಿದ್ದಳು.

“ಎಂಥ ಎಡವಟ್ಟು ಅಡುಗೆಮನೆ ಇದು,” ಎಂದು ಗಟ್ಟಿಯಾಗಿಯೇ ಅಂದಳು. ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಬಸ್ ಡಿಪೋಗೆ, ಹುಡುಗಿ ಶಾಲೆಗೆ ಹೋಗಿದ್ದರು. ಆದರೂ ಅಂದ ಮೇಲೆ, ಅನ್ನಬಾರದಿತ್ತೇನೋ ಎನಿಸಿ ಒಮ್ಮೆ ಹಿಂದಕ್ಕೆ ನೋಡಿದಳು. ಈ ಅಡುಗೆಮನೆಯಲ್ಲಿ ಹಾಗೆ ಹಿಂದಕ್ಕೆ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಈ ಮನೆಗೆ ಅವಳು ಎರಡನೆಯವಳಾಗಿ ಬಂದು ವರ್ಷವಾಗುತ್ತ ಬಂದಿತ್ತು. ಮೊದಲಿನವಳು ಜ್ವರದಲ್ಲಿ ತೀರಿಕೊಂಡ ಮೇಲೆ, ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಮಗಳನ್ನು ಸಾಕಿಕೊಂಡು ಹೇಗೋ ಕಾಲ ತಳ್ಳಿದ್ದ. ಮಗಳ ಯೂನಿಫಾರ್ಮ್ ಉದ್ದ ಮಾಡಿಸಲು ಟೈಲರಿಂಗ್ ಅಂಗಡಿಗೆ ಬಂದವನು, ಆಮೇಲೆ ಅದನ್ನೇ ಗಿಡ್ಡ ಮಾಡಿಸಲು ಬಂದ, ಗುಂಡಿ ಹಾಕಿಸಲು ಬಂದ. ಕೊನೆಗೆ ಹೊಲಿಸಲು ಏನೂ ಉಳಿಯದಿದ್ದಾಗಲೂ ಬಂದ. ಮಗಳನ್ನು ಅವನು ಕರೆಯುತ್ತಿದ್ದದ್ದೂ ಗುಂಡಿ ಎಂದೇ. ಅಂಗಿಯ ಗುಂಡಿಯಂಥ ದುಂಡನೆಯ ಕಣ್ಣು ಅವಳದು. “ಗುಂಡಿ ಹಾಕಿ ಕೊಡೇ ಅಂದ್ರೆ ಹೋಗಿ ಗುಂಡಿಗೇ ಬಿದ್ಯಲ್ಲೇ,” ಎಂದು ಅಂಗಡಿಯ ಹಿರಿಯ ಟೈಲರ್ ದೊಡ್ಡಕ್ಕ ಮದುವೆಯ ದಿನವೂ ಛೇಡಿಸಿದ್ದಳು.

ಗಂಡ ಒಳ್ಳೆಯವನು. ಮನೆಯೂ ಒಳ್ಳೆಯದೇ, ಗಾಳಿ ಬೆಳಕು ಧಾರಾಳ. ಮುನಿಸು ಇದ್ದದ್ದು ಅಡುಗೆಮನೆಗೆ ಮಾತ್ರ. ಅಂಗಡಿಯಲ್ಲಿ ಕೆಲಸಕ್ಕೆ ಕೂತರೆ ಎತ್ತಿದ ಕೈ ಎನಿಸಿಕೊಂಡವಳು ಇಲ್ಲಿ ಕತ್ತಲಲ್ಲಿ ಸ್ವಿಚ್ಚು ಹುಡುಕುವವಳ ಹಾಗೆ ತಡವರಿಸುತ್ತಿದ್ದಳು. ಆಲೂಗಡ್ಡೆಗೆ ಇಟ್ಟ ಪೀಲರು ಸಿಪ್ಪೆ ಹಿಡಿಯದೆ ಜಾರುತ್ತಿತ್ತು. ಫ್ರಿಜ್ಜಿನ ಬಾಗಿಲು ಅವಳು ಎಳೆದ ಕಡೆಗೆ ಬಾರದೆ ಅವಳ ಮೈಗೇ ಬಡಿಯುತ್ತಿತ್ತು. ಮರದ ಸಟ್ಟುಗದ ಬಾಯಿ ಒಂದು ಮಗ್ಗುಲಿಗೆ ಸವೆದುಹೋಗಿ, ಹೇಗೆ ಹಿಡಿದರೂ ಪಾತ್ರೆಯ ತಳಕ್ಕೆ ಕೂರುತ್ತಿರಲಿಲ್ಲ. ಡ್ರಾಯರಿನಲ್ಲಿದ್ದ ಕತ್ತರಿಯಂತೂ ಎಣ್ಣೆಯ ಪ್ಯಾಕೆಟ್ಟನ್ನೂ ಕತ್ತರಿಸದೆ ಮಡಚಿ ನುಂಗುತ್ತಿತ್ತು. ಒಂದೊಂದೇ ಆಗಿದ್ದರೆ ಹಳೆಯ ಸಾಮಾನು ಎಂದು ಬಿಡಬಹುದಿತ್ತು. ಎಲ್ಲವೂ ಒಟ್ಟಿಗೆ ಬೇಡ ಅಂದಾಗ, ಬೇಡ ಅನ್ನುವವರು ಯಾರೋ ಇದ್ದಾರೆ ಎನಿಸುತ್ತದೆ.

ಬದಲಾಯಿಸಬಹುದಿತ್ತು. ಬಂದ ಹೊಸದರಲ್ಲಿ ಒಮ್ಮೆ ಉಪ್ಪಿನ ಡಬ್ಬಿಯನ್ನು ಒಲೆಯ ಎಡಗಡೆಯಿಂದ ಬಲಗಡೆಗೆ ಇಟ್ಟಿದ್ದಳು. ಸಂಜೆ ನೋಡಿದರೆ ಅದು ಮತ್ತೆ ಎಡಗಡೆ ಇತ್ತು. ಮರುದಿನ ಮತ್ತೆ ಇಟ್ಟಳು, ಮತ್ತೆ ಹೋಯಿತು. ಆಗ ಒಂದು ಕ್ಷಣ ಅವಳ ಮೈ ತಣ್ಣಗಾದದ್ದು ನಿಜ. ಮೂರನೆಯ ಸಲ, ಹುಡುಗಿ ಕುರ್ಚಿ ಎಳೆದುಕೊಂಡು ಬಂದು, ಹತ್ತಿ, ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಸದ್ದಾಗದ ಹಾಗೆ ಅದರ ಜಾಗಕ್ಕೆ ಇಡುವುದನ್ನು ಬಾಗಿಲ ಸಂದಿಯಿಂದ ಕಂಡಳು. ಅಂದಿನಿಂದ ಅವಳು ಆ ಅಡುಗೆಮನೆಯ ಯಾವುದನ್ನೂ ಕದಲಿಸಲಿಲ್ಲ.

ಹುಡುಗಿ ತಂಟೆಯವಳಲ್ಲ. ಹಟವಿಲ್ಲ, ಎದುರುಮಾತಿಲ್ಲ. ಆದರೆ ಟೈಲರಮ್ಮನನ್ನು ಅವಳು ಏನೆಂದೂ ಕರೆಯುತ್ತಿರಲಿಲ್ಲ. ಅಪ್ಪ ಮೊದಮೊದಲು ‘ಅಮ್ಮ ಅನ್ನು’ ಎಂದ, ಆಮೇಲೆ ‘ಚಿಕ್ಕಮ್ಮ ಅನ್ನಾದರೂ ಅನ್ನು’ ಎಂದ, ಆಮೇಲೆ ಸುಮ್ಮನಾದ. ಕರೆಯುವುದು ಹಾಗಿರಲಿ, ‘ಬಾ’ ಅಂದರೆ ತನ್ನವಳಾಗಿಬಿಡುತ್ತಾಳೆ, ‘ಬನ್ನಿ’ ಅಂದರೆ ಅಪ್ಪ ನೊಂದುಕೊಳ್ಳುತ್ತಾನೆ ಎಂದು ಆ ಮಗು ಎರಡರ ನಡುವೆ ತನ್ನದೇ ಒಂದು ಕನ್ನಡ ಮಾಡಿಕೊಂಡಿತ್ತು. “ಜಡೆ ಹಾಕ್ಬೇಕಿತ್ತು.” “ಸ್ಕೂಲಲ್ಲಿ ಪೇರೆಂಟ್ಸ್ ಬರ್ಬೇಕಂತೆ.” “ಊಟಕ್ಕೆ ಕೂರಬಹುದಾ?” ಗೋಡೆಗೆ ಹೇಳಿದರೂ ಆಗಬಹುದಾದ ಮಾತುಗಳು. ಬೀದಿಗೆಲ್ಲ ಅವಳು ಟೈಲರಮ್ಮ. ತರಕಾರಿಯವನೂ, ಪಕ್ಕದ ಮನೆಯ ಮುದುಕನೂ ಬಾಯ್ತುಂಬ ಹಾಗೇ ಕೂಗುತ್ತಿದ್ದರು. ಸ್ವಂತ ಮನೆಯ ಹೊಸ್ತಿಲು ದಾಟಿದ ಕೂಡಲೇ ಬಾಲದ ಆ ಅಮ್ಮ ಉದುರಿಹೋಗಿ ಬರೀ ಟೈಲರ್ ಉಳಿಯುತ್ತಿದ್ದಳು. ಅವಳಿಗೆ ಅದು ನೋಯುತ್ತಿತ್ತು. ಯಾರಿಗೂ ಹೇಳಿಕೊಳ್ಳಲಾಗದ ನೋವಾದ್ದರಿಂದ ಸ್ವಲ್ಪ ಹೆಚ್ಚೇ ನೋಯುತ್ತಿತ್ತು.

ಹಾಗಿರುವಾಗ ಒಂದು ಸಂಜೆ ಹುಡುಗಿ ಶಾಲೆಯಿಂದ ಒಂದು ಟಾಫಿ ತಂದು ಮೇಜಿನ ಮೇಲಿಟ್ಟಳು. ಯಾರದೋ ಹುಟ್ಟುಹಬ್ಬ. ಕಾಗದ ಬಿಚ್ಚಿರಲಿಲ್ಲ. ಹಾಲು ಅವಳಿಗೆ ಒಗ್ಗುವುದಿಲ್ಲ. ಹಾಲು, ಬೆಣ್ಣೆ ಸೋಕಿದ್ದನ್ನು ಬಾಯಿಗಿಟ್ಟರೂ ತುಟಿ ಊದಿ ಉಸಿರು ಕಟ್ಟುತ್ತದೆ. ಆ ಮನೆಗೆ ಹಾಲಿನ ಪ್ಯಾಕೆಟ್ಟೇ ಬರುತ್ತಿರಲಿಲ್ಲ. ಟಾಫಿಯನ್ನು ಬೆರಳಿನಿಂದ ಅತ್ತಿತ್ತ ಉರುಳಿಸುತ್ತ ಹುಡುಗಿ ಫ್ರಿಜ್ಜಿಗೆ ಹೇಳಿದಳು: “ಮುಂಚೆ ಮನೇಲಿ ಕ್ಯಾರಮೆಲ್ ಇರ್ತಿತ್ತು. ತಿನ್ನಬಹುದಾದ್ದು.”

ಅದು ಅವಳು ಕೇಳಿದ ಮೊದಲನೆಯ ವಸ್ತು. ಟೈಲರಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಮುಖದ ಮೇಲೆ ತೋರಿಸಲು ಹೆದರಿ ಬಟ್ಟೆ ಒಣಗಿತೇ ನೋಡುವ ನೆಪದಲ್ಲಿ ಬಾಲ್ಕನಿಗೆ ಹೋದಳು.

ರಾತ್ರಿ ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು.

“ಹೂಂ, ಮಾಡ್ತಿದ್ಲು,” ಎಂದ ಅವನು. “ತೆಂಗಿನಹಾಲು ಹಾಕಿ. ಈಗ ಅಂಗಡೀಲಿ ವೀಗನ್ ಅಂತ ಚೀಟಿ ಅಂಟಿಸಿ ಮಾರ್ತಾರಲ್ಲ, ಅಂಥದ್ದು. ಆಗ ಅದಕ್ಕೆ ಹೆಸರಿರಲಿಲ್ಲ, ರುಚಿ ಇತ್ತು.”

“ಹೇಗೆ ಮಾಡ್ತಿದ್ರು?”

“ನನ್ನ ಕೇಳಿದ್ರೆ? ಇಂಜಿನ್ ಬಿಚ್ಚಿ ಮುಂದಿಡು, ಕಣ್ಣು ಮುಚ್ಕೊಂಡು ಜೋಡಿಸ್ತೀನಿ. ಪಾಕ ಇಟ್ಟಾಗ ಒಲೆ ಹತ್ರ ನಮ್ಮನ್ನ ಬಿಟ್ಕೊಂಡಿದ್ರೆ ತಾನೆ. ಸಕ್ಕರೆ ಕರಗೋವಾಗ ಮನೇಲಿ ಯಾರೂ ತುಟಿ ಬಿಚ್ಚೋ ಹಾಗಿರಲಿಲ್ಲ.” ಅವನು ನಕ್ಕ. “ಗುಂಡಿ ಮಾತ್ರ ಬಾಗಿಲಲ್ಲಿ ಕಾದು ನಿಂತಿರ್ತಿದ್ಲು. ಅಂಚಿಂದು ಅವಳದ್ದು. ಟ್ರೇ ಅಂಚಲ್ಲಿ ಗಟ್ಟಿಯಾಗಿ ಕೂತಿರುತ್ತಲ್ಲ, ಅದು. ನಂಗೂ ಒಂದಿನ ಕೊಟ್ಟೋಳಲ್ಲ.”

ಹೀಗೆ ಶುರುವಾಯಿತು. ಮೊದಲನೆಯ ಸಲ ಸಕ್ಕರೆ ಕರಗುವಾಗಲೇ ಚಮಚ ಆಡಿಸಿ, ಅದು ಹರಳುಗಟ್ಟಿ ಮರಳಾಯಿತು. ಮುಂದಿನ ಸಲ ತಣ್ಣನೆಯ ತೆಂಗಿನಹಾಲು ಸುರಿದಳು. ಪಾಕ ಬೆದರಿದ ಹಾಗೆ ಬುಸುಗುಟ್ಟಿ ಮೇಲೆದ್ದು, ಇಳಿದಾಗ ಎಣ್ಣೆ ಬೇರೆ ನೀರು ಬೇರೆ. ಇನ್ನೊಮ್ಮೆ ಬಣ್ಣ ಬಂತು, ಘಮ ಬಂತು, ತಳ ಹತ್ತಿತು. ಗಂಡ ಪ್ರತಿಯೊಂದನ್ನೂ ತಿಂದು ಚೆನ್ನಾಗಿದೆ ಎನ್ನುತ್ತಿದ್ದ. ಒಂದು ಸಲವಂತೂ ಹಲ್ಲು ಅಂಟಿಕೊಂಡು ಆ ಮಾತನ್ನೂ ಆಡಲಾಗದೆ ಹೆಬ್ಬೆರಳೆತ್ತಿ ತೋರಿಸಿದ. ಹುಡುಗಿ ಒಂದು ಚೂರು ಬಾಯಿಗಿಟ್ಟುಕೊಂಡು, ಉಗುಳದೆ, ಮರ್ಯಾದೆಯಿಂದ ನುಂಗಿ, “ಹೋಂವರ್ಕ್ ಮಾಡ್ಬೇಕು,” ಎಂದು ಎದ್ದುಹೋದಳು. ಆ ಮರ್ಯಾದೆಯ ಬದಲು ಉಗಿದಿದ್ದರೇ ಚೆನ್ನಾಗಿತ್ತು.

ಈಗ, ಹೆಬ್ಬೆರಳು ಸುಟ್ಟುಕೊಂಡ ಈ ದಿನ, ಸ್ಟವ್ ಒರೆಸಿ ಮುಗಿದ ಮೇಲೆ ಟ್ರೇಯಲ್ಲಿ ಅರೆಗಟ್ಟಿಯಾಗಿದ್ದ ಕಹಿ ಪಾಕವನ್ನು ಕತ್ತರಿಸಿ ಬಿಸಾಡೋಣವೆಂದು ಅವಳು ಡ್ರಾಯರಿನ ಕತ್ತರಿ ತೆಗೆದಳು. ಎಂದಿನಂತೆ ಅದು ಕತ್ತರಿಸಲಿಲ್ಲ. ಆದರೆ ಹಿಡಿಯ ಹತ್ತಿರ, ಎರಡು ಅಲಗು ಕೂಡುವ ಮೊಳೆಯ ಸುತ್ತ, ಹಳೆಯ ಸಕ್ಕರೆ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಅಂದರೆ ಮೊದಲಿನವಳು ಕ್ಯಾರಮೆಲ್ ಕತ್ತರಿಸುತ್ತಿದ್ದದ್ದು ಇದರಲ್ಲೇ. ಸಾಣೆ ಹಿಡಿಸಿದರೆ ಆದೀತೆಂದು ಅವಳು ಅದನ್ನು ಬ್ಯಾಗಿಗೆ ಹಾಕಿಕೊಂಡು ಅಂಗಡಿಗೆ ಹೊರಟಳು.

ಅಂಗಡಿಯಲ್ಲಿ ದೊಡ್ಡಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಚಿಂದಿ ತೆಗೆದುಕೊಂಡು ಕತ್ತರಿಸಿದಳು, ಬಟ್ಟೆ ಮಡಚಿಕೊಂಡಿತು. ಕತ್ತರಿಯನ್ನು ಎಡಗೈಗೆ ಬದಲಾಯಿಸಿ ಮತ್ತೆ ಕತ್ತರಿಸಿದಳು. ಚಿಂದಿ ಎರಡಾಗಿ ಮೇಜಿನ ಮೇಲೆ ಬಿತ್ತು.

“ಇದಕ್ಕೇನಾಗಿದೆ ಅಂತ ಸಾಣೆಗೆ ಕೊಡ್ತೀಯೇ? ಚೂರಿ ಥರ ಇದೆ.”

“ನಂಗೆ ಕತ್ತರಿಸಲ್ಲ ದೊಡ್ಡಕ್ಕ. ಬರೀ ಕತ್ತರಿ ಅಲ್ಲ, ಆ ಅಡುಗೆಮನೇಲಿ ಇರೋದೆಲ್ಲ ಎಡವಟ್ಟೇ.”

“ಎಡವಟ್ಟಲ್ಲ ಕಣೇ, ಎಡಗೈ.” ದೊಡ್ಡಕ್ಕ ಕತ್ತರಿಯನ್ನು ಅವಳ ಮೂಗಿನ ಮುಂದೆ ಆಡಿಸಿದಳು. “ಮೇಲಿನ ಅಲಗು ಯಾವ ಕಡೆ ಇದೆ ನೋಡು. ನಿನ್ನ ಜೀವಮಾನ ಎಲ್ಲ ಕತ್ತರೀಲೇ ಕಳೀತು, ಇಷ್ಟು ಕಾಣಲಿಲ್ವಾ? ಎಡಚರಿಗೆ ಅಂತ ಮಾಡಿದ್ದು ಇದು. ಯಾರದ್ದೇ?”

ಟೈಲರಮ್ಮ ಕತ್ತರಿ ಇಸಿದುಕೊಂಡು ಅಲಗು ನೋಡಿದಳು. ಮುಂದೆ ಹರಡಿದ್ದ ಯಾರದೋ ಕೋಟಿನ ತೋಳಿನ ಮೇಲೆ ಕೈಯಿಟ್ಟು ಕೂತಳು. ಪೀಲರು, ಫ್ರಿಜ್ಜಿನ ಬಾಗಿಲು, ಉಪ್ಪಿನ ಡಬ್ಬಿ, ತಪ್ಪು ಮಗ್ಗುಲಿಗೆ ಮೂತಿಯಿದ್ದ ಪಾತ್ರೆ, ಸವೆದ ಸಟ್ಟುಗ. ಒಂದು ವರ್ಷದಿಂದ ಅವಳು ಸಾಮಾನಿನ ಜೊತೆ ಗುದ್ದಾಡುತ್ತಿರಲಿಲ್ಲ, ಒಂದು ಕೈಯ ಜೊತೆ ಗುದ್ದಾಡುತ್ತಿದ್ದಳು. ಆ ಕೈ ಎಲ್ಲೂ ಹೋಗಿರಲಿಲ್ಲ. ಒಲೆಯ ಸುತ್ತ ತನ್ನ ಅಳತೆಗೆ ಎಲ್ಲವನ್ನೂ ಹೊಂದಿಸಿಟ್ಟು ಅಲ್ಲೇ ಇತ್ತು. ಇನ್ನೊಬ್ಬರ ಅಳತೆಗೆ ಹೊಲಿದದ್ದನ್ನು ಬಿಚ್ಚಿ ಮತ್ತೊಬ್ಬರ ಅಳತೆಗೆ ಕೂರಿಸುವುದೇ ಅವಳ ಕಸುಬು. ಬೆನ್ನು ಗೂನಾದವರ ಕೋಟು ಮುಟ್ಟಿದರೆ ಅವಳಿಗೆ ಆ ಬೆನ್ನು ತಿಳಿಯುತ್ತಿತ್ತು. ತನ್ನ ಮನೆಯಲ್ಲಿ ಮಾತ್ರ ತಿಳಿದಿರಲಿಲ್ಲ.

ಸಂಜೆ ಗಂಡ ಬೂಟು ಬಿಚ್ಚುತ್ತಿರುವಾಗ ಕೇಳಿದಳು. “ರೀ, ಅವರು ಎಡಚರಾ?”

“ಯಾರು?” ಎಂದವನು ಅರ್ಥವಾಗಿ ತಲೆಯೆತ್ತಿದ. “ಹೌದು. ನಾನು ಹೇಳಿರಲಿಲ್ವಾ?”

“ಹೇಳಿರಲಿಲ್ಲ.”

“ಹೇಳಿರ್ತೀನಿ ಬಿಡು.”

“ಇಲ್ಲ.”

ಅವನು ಒಂದು ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದ. “ಫ್ರಿಜ್ಜಿನ ಬಾಗಿಲು ನಾನೇ ಬಿಚ್ಚಿ ತಿರುಗಿಸಿ ಕೂರಿಸಿಕೊಟ್ಟಿದ್ದೆ. ಅವಳಿಗೆ ಅನುಕೂಲ ಆಗಲಿ ಅಂತ. ಹಳೇ ತೂತಿನ್ನೂ ಇದೆ ನೋಡು, ಮೇಲ್ಗಡೆ.” ಆಮೇಲೆ ಧ್ವನಿ ಇಳಿಯಿತು. “ಎಡಗೈಯಲ್ಲೇ ಎಲ್ಲಾನೂ. ಬರೆಯೋದು, ತಿನ್ನೋದು, ಗುಂಡಿಗೆ ತಲೆ ಬಾಚೋದು. ಈಗ ನೀನು ಕೇಳೋತನಕ ನಂಗದು ಮರ್ತೇ ಹೋಗಿತ್ತು ಕಣೇ. ಹೇಗೆ ಮರ್ತುಹೋಯ್ತು?”

ಅವನು ಹೆದರಿದ್ದ. ಹೆಂಡತಿಯನ್ನು ಕಳೆದುಕೊಂಡವನು, ಈಗ ಅವಳ ಕೈಯನ್ನೂ ಕಳೆದುಕೊಳ್ಳುತ್ತಿದ್ದೇನೆಂದು ಹೆದರಿದ್ದ. ಅವಳು ಅವನ ಕೈಯಿಂದ ಬೂಟು ತೆಗೆದುಕೊಂಡು ಅದರ ಜೋಡಿಯ ಪಕ್ಕ ಇಟ್ಟಳು.

ವಾರಕ್ಕೊಮ್ಮೆ ಅಂಗಡಿ ಅರ್ಧಕ್ಕೇ ಮುಚ್ಚುವ ದಿನದ ಮಧ್ಯಾಹ್ನ, ಅವಳು ಮತ್ತೆ ಒಲೆಯ ಮುಂದೆ ನಿಂತಳು. ಒಳ್ಳೆಯ ಬಿಸಿಲಿತ್ತು. ಕಿಟಕಿಯ ಬೆಳಕು ಎದುರಿನಿಂದ ಬರುತ್ತಿತ್ತು. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ಗುರಿಯಾದವಳಂತೆ ನೆಟ್ಟಗಾದಳು. ಆಮೇಲೆ ಎಡಗೈ ಚಾಚಿದಳು. ಉಪ್ಪಿನ ಡಬ್ಬಿ ಅಲ್ಲೇ ಇತ್ತು. ಫ್ರಿಜ್ಜು ಎಳೆದ ಕೂಡಲೇ ತೆರೆದುಕೊಂಡು, ತೆಂಗಿನಹಾಲಿನ ಪಾತ್ರೆ ಕೈಗೇ ಸಿಕ್ಕಿತು. ಕತ್ತರಿ, ಟ್ರೇ, ಸಟ್ಟುಗ, ಒಂದಾದ ಮೇಲೊಂದು ತಾವಾಗಿಯೇ ಬಂದವು. ಅವಳ ಎಡಗೈ ಒಡ್ಡೊಡ್ಡಾಗಿತ್ತು, ಡಬ್ಬಿಯ ಮುಚ್ಚಳ ತೆಗೆಯಲೂ ತಿಣುಕುತ್ತಿತ್ತು. ಆದರೆ ಅಡುಗೆಮನೆ ಮೊದಲನೆಯ ಸಲ ಜಗಳ ಬಿಟ್ಟಿತ್ತು. ಜಗಳ ಬಿಟ್ಟಾಗಲೇ ಅವಳಿಗೆ ಹೆಚ್ಚು ಭಯವಾಯಿತು. ಎದುರಿಗೆ ನಿಂತಿದ್ದವರು ಬಂದು ಪಕ್ಕದಲ್ಲಿ ನಿಂತ ಹಾಗಿತ್ತು, ನಡುವೆ ಜಾಗವಿಲ್ಲದಷ್ಟು ಹತ್ತಿರ.

“ಸ್ವಲ್ಪ ಹೇಳಿಕೊಡಿ ಅಕ್ಕ,” ಎಂದಳು ಮೆಲ್ಲಗೆ. ಅಂದ ಮೇಲೆ ಹೊಳೆಯಿತು. ಹುಡುಗಿಗೆ ತನ್ನನ್ನು ಕರೆಯಲು ಒಂದು ಮಾತಿಲ್ಲವೆಂದು ಕೊರಗುತ್ತಿದ್ದವಳು, ಮೊದಲಿನವಳನ್ನು ತಾನೂ ಈವರೆಗೆ ಏನೆಂದೂ ಕರೆದಿರಲಿಲ್ಲ.

ಸಕ್ಕರೆಗೆ ಅದು ನೆನೆಯುವಷ್ಟೇ ನೀರು ಹಾಕಿ ಉರಿ ಸಣ್ಣಗಿಟ್ಟಳು. ಮಾತಾಡಲಿಲ್ಲ, ಸಟ್ಟುಗ ಆಡಿಸಲಿಲ್ಲ. ಸಕ್ಕರೆ ಅಂಚಿನಿಂದ ಕರಗುತ್ತ, ತಿಳಿಯಾಗಿ, ಗುಳ್ಳೆಯೆದ್ದು, ಹಳದಿಗೆ ತಿರುಗಿತು. ಹಳದಿ ಜೇನಿನ ಬಣ್ಣವಾಯಿತು. ಜೇನು ಕೆಂಪಾಗುವ ಹೊತ್ತಿಗೆ ಬೆಚ್ಚಗೆ ಮಾಡಿಟ್ಟುಕೊಂಡಿದ್ದ ತೆಂಗಿನಹಾಲನ್ನು ಎಳೆಯಾಗಿ ಬಿಟ್ಟಳು. ಪಾಕ ಉಕ್ಕಿ ಬಂದು, ಅಂಚಿನಲ್ಲಿ ನಿಂತು, ಹಾಗೆಯೇ ಇಳಿಯಿತು. ಆಗ ಎಡಗೈಯಲ್ಲಿ ಸಟ್ಟುಗ ಇಳಿಸಿದಳು. ಸವೆದ ಬಾಯಿ ಪಾತ್ರೆಯ ತಳಕ್ಕೆ ಪೂರ್ತಿ ಕೂತಿತು. ಒಂದು ಸುತ್ತು ಹಾಕಿದರೆ ತಳದ ಮೂಲೆಯಲ್ಲಿ ಒಂದು ತೊಟ್ಟೂ ಉಳಿಯದೆ ಎದ್ದು ಬರುತ್ತಿತ್ತು. ಎಷ್ಟು ವರ್ಷ ಕಲಕಿ ಕಲಕಿ ಅಕ್ಕ ಈ ಮರವನ್ನು ಹೀಗೆ ಸವೆಸಿದ್ದರೋ ಎಂದುಕೊಂಡಳು.

ಉಪ್ಪು ಹಾಕಿದಳು, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿದಳು. ಪಾಕ ಹೊಳಪು ಬಂದು ದಪ್ಪವಾಗತೊಡಗಿತು. ಘಮ ಅಡುಗೆಮನೆ ತುಂಬಿ, ಹೊಗೆ ಹೋಗಲೆಂದು ತೆರೆದಿಟ್ಟಿದ್ದ ಮುಂಬಾಗಿಲಿನಿಂದ ಮೆಟ್ಟಿಲಿಗೂ ಇಳಿಯಿತು. ಇಂಥ ಘಮ ಇದುವರೆಗೆ ಬಂದಿರಲಿಲ್ಲ. ಗುಂಡಿ ತಿಂದು, ಮುಖ ಅರಳಿಸಿ, ಏನಾದರೂ ಅಂದಾಳು. ಚಿಕ್ಕಮ್ಮ ಅಂದರೂ ಸಾಕು. ‘ಬನ್ನಿ’ ಅಂದರೂ ಸಾಕು, ಗೋಡೆಗಲ್ಲದೆ ತನಗೆ ಅಂದರೆ ಸಾಕು.

ಮೆಟ್ಟಿಲಲ್ಲಿ ಹುಡುಗಿಯ ಹೆಜ್ಜೆ ಕೇಳಿಸಿತು. ಎಂದಿನ ಹಾಗೆ ಒಂದೊಂದೇ ಮೆಟ್ಟಿಲು. ಅರ್ಧ ದಾರಿಯಲ್ಲಿ ಹೆಜ್ಜೆ ನಿಂತಿತು. ಆಮೇಲೆ ಎರಡೆರಡು ಮೆಟ್ಟಿಲು ಹಾರಿ ಓಡಿ ಬಂದಿತು. ನಡುಮನೆಯಲ್ಲಿ ಬ್ಯಾಗು ಬಿದ್ದ ಸದ್ದಾಯಿತು. ಅಡುಗೆಮನೆಯ ಬಾಗಿಲಲ್ಲಿ ಒಂದು ಪುಟ್ಟ ಉಸಿರು ಬಂದು ನಿಂತಿತು. ಟೈಲರಮ್ಮ ಕಿಟಕಿಯ ಬೆಳಕಿಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಮಾಡಿ, ಎಡ ಮೊಣಕೈ ಆಡಿಸುತ್ತ ಕಲಕುತ್ತಿದ್ದಳು.

“ಅಮ್ಮಾ,” ಎಂದಿತು ಹಿಂದಿನಿಂದ. “ಅಂಚಿಂದು ನಂಗೆ ಇಡು.”

ಇಡು. ಇಡಿ ಅಲ್ಲ, ಇಡಬಹುದಾ ಅಲ್ಲ. ಟೈಲರಮ್ಮನ ಎದೆ ಒಮ್ಮೆಗೇ ತುಂಬಿ ಬಂತು, ಅದೇ ಉಸಿರಿನಲ್ಲಿ ಒಡೆಯಿತು. ಆ ಧ್ವನಿಯನ್ನು ಅವಳು ಈ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಅದು ಈಗಿನ ಗುಂಡಿಯದಲ್ಲ, ಅವಳಿಗಿಂತ ಚಿಕ್ಕ ಮಗುವಿನದು. ಅದು ಕರೆದದ್ದು ತನ್ನನ್ನಲ್ಲ. ತನ್ನ ಬೆನ್ನನ್ನು, ಆಡುವ ಈ ಮೊಣಕೈಯನ್ನು, ಈ ಘಮವನ್ನು. ತಿರುಗಿದರೆ ತನ್ನ ಮುಖ ಕಾಣುತ್ತದೆ. ಮಾತಾಡಿದರೆ ತನ್ನ ಧ್ವನಿ ಕೇಳುತ್ತದೆ. ಮಗುವಿನ ಪಾಲಿಗೆ ಅಮ್ಮ ಇನ್ನೊಂದು ಸಲ ಸಾಯುತ್ತಾಳೆ, ಈ ಸಲ ಕಣ್ಣೆದುರಿಗೇ, ತನ್ನ ಕೈಯಿಂದ.

ಅವಳು ತಿರುಗಲಿಲ್ಲ.

ಹುಡುಗಿ ಹತ್ತಿರ ಬಂದಳು. ಪಕ್ಕಕ್ಕೆ ಬರಲಿಲ್ಲ, ಇಣುಕಲಿಲ್ಲ. ಹಿಂದೆಯೇ ನಿಂತು ಎರಡೂ ಕೈಯಲ್ಲಿ ಅವಳ ಬಟ್ಟೆ ಹಿಡಿದು ಸೊಂಟದ ಮೇಲೆ ಹಣೆಯಿಟ್ಟಳು. ಓಡಿ ಬಂದ ಹಣೆ ಬೆಚ್ಚಗಿತ್ತು. ಹುಡುಗಿಗೆ ಗೊತ್ತಿತ್ತೋ ಇಲ್ಲವೋ, ಅವಳ ಕಣ್ಣು ಮುಚ್ಚಿತ್ತೋ ತೆರೆದಿತ್ತೋ, ತಿರುಗದೆ ತಿಳಿಯುವಂತಿರಲಿಲ್ಲ.

ಪಾಕ ಹದಕ್ಕೆ ಬಂದಿತ್ತು. ಇಷ್ಟು ದಿನ ಕಾದ ಹದ. ಈಗಲೇ ಇಳಿಸಿ ಟ್ರೇಗೆ ಸುರಿಯಬೇಕು, ಇಲ್ಲದಿದ್ದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಎಣ್ಣೆ ಸವರಿದ ಟ್ರೇ ಹಿಂದಿನ ಮೇಜಿನ ಮೇಲಿತ್ತು. ಟೈಲರಮ್ಮ ಬಲಗೈಯನ್ನು ಮೈಗೆ ಒತ್ತಿಕೊಂಡೇ ಮುಂದೆ ಚಾಚಿ, ಸದ್ದಾಗದ ಹಾಗೆ ಗ್ಯಾಸ್ ಆರಿಸಿದಳು. ಎಡಗೈ ನಿಲ್ಲಲಿಲ್ಲ. ಸಟ್ಟುಗ ತಳಕ್ಕೆ ಕೂತು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಉರಿಯಿಲ್ಲದ ಒಲೆಯ ಮೇಲೆ ಪಾಕ ತಣಿಯುತ್ತ, ಬಿಗಿಯುತ್ತ, ಸುತ್ತು ಸುತ್ತಿಗೂ ಸಟ್ಟುಗ ಭಾರವಾಗುತ್ತ ಬಂತು. ಬೆನ್ನ ಮೇಲಿನ ಹಣೆ ಹಾಗೆಯೇ ಇತ್ತು. ಅವಳು ಕಲಕುತ್ತಲೇ ಇದ್ದಳು.